ಟೀ ಅಂಗಡಿಯ ಕಂಪ್ಯೂಟರು, ಮಾವನ ವಾಟ್ಸಾಪು

ತುಮಕೂರಿನಲ್ಲಿ ನಮ್ಮ ಸೋದರಮಾವನದ್ದೊಂದು ಎಲೆಕ್ಟ್ರಿಕಲ್ ಅಂಗಡಿ ಇದೆ. ವೈರು, ಸ್ವಿಚ್ಚು, ಫ್ಯಾನು, ಮೋಟಾರು. ಕೌಂಟರಿನಲ್ಲಿ ಮೂರು ಹುಡುಗರು, ಒಳಗೆ 26 ವರ್ಷದಿಂದ ಲೆಕ್ಕ ಬರೀತಿರೋ ಗುಮಾಸ್ತರೊಬ್ಬರು. ಕಳೆದ ಯುಗಾದಿಗೆ ಹೋದಾಗ ಮಾವ ಹೋಳಿಗೆ ಮುರೀತಾ ಕೇಳಿದರು: "ಅದೇನೋ ಎಐ ಎಐ ಅಂತೀಯಲ್ಲ, ನಮ್ಮ ಅಂಗಡಿಗೂ ಆಗುತ್ತೇನೋ?"

ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದವನು. ಇಂಥ ಪ್ರಶ್ನೆಗೆ "ಆಗಲ್ಲ" ಅನ್ನೋ ರೂಢಿ ನಮ್ಮ ಕಸುಬಿನಲ್ಲಿಲ್ಲ. ಒಂದು ಶನಿವಾರ ಕೂತು, ಅಂಗಡಿಯ ವಾಟ್ಸಾಪಿಗೆ ಬರೋ ಮಾಮೂಲಿ ಪ್ರಶ್ನೆಗಳಿಗೆ ತಾನೇ ಉತ್ತರ ಕೊಡೋ ಹಾಗೆ ಒಂದು ವ್ಯವಸ್ಥೆ ಜೋಡಿಸಿದೆ. ಈ ಸೈಜಿನ ವೈರಿದೆಯಾ, ಭಾನುವಾರ ಬಾಗಿಲು ತೆಗೀತೀರಾ, ಹಳೇ ಬಿಲ್ ಕಳಿಸ್ತೀರಾ. ದಿನಾ ಬರೋದು ಇವೇ. ಅಂಗಡಿಯ ಎರಡು ವರ್ಷದ ಚಾಟುಗಳನ್ನೆಲ್ಲ ಅದಕ್ಕೆ ಕೊಟ್ಟೆ. ಚೆನ್ನಾಗಿಯೇ ನಡೀತು. ಎರಡು ದಿನ.

ಮೂರನೇ ದಿನ ಒಬ್ಬ ಕಂಟ್ರಾಕ್ಟರು ಬಂದು ಫೋನ್ ತೋರಿಸಿದರು. "30 ದಿನ ಉದ್ರಿ ಇದೆ ಸರ್, ಮಾಲು ತಗೊಂಡು ಹೋಗಬಹುದು" ಅಂತ ನಮ್ಮ ಅಂಗಡಿಯ ನಂಬರಿನಿಂದಲೇ ಮೆಸೇಜು ಹೋಗಿತ್ತು. ಬೇರೆ ಗಿರಾಕಿಗಳಿಗೆ ಹಾಗೆ ಹೇಳಿದ್ದು ಹಳೆಯ ಚಾಟಿನಲ್ಲಿತ್ತು, ಯಂತ್ರ ಇವರಿಗೂ ಹೇಳಿತು, ಅಷ್ಟೆ. ಈ ಮನುಷ್ಯನ ಹಳೇ ಬಾಕಿಯೇ ಇನ್ನೂ ತೀರಿರಲಿಲ್ಲ. ಮಾವ ಮೆಸೇಜನ್ನು ಎರಡು ಸಲ ಓದಿ, ಮಾಲು ಕೊಟ್ಟು ಕಳಿಸಿದರು. ನಾನು ಬೇಡ ಅಂದಿದ್ದಕ್ಕೆ, "ಅಂಗಡಿ ನಂಬರಿಂದ ಹೋಗಿದೆ ಅಂದ್ರೆ ಅದು ಅಂಗಡಿ ಮಾತೇ ಕಣೋ" ಅಂದರು.

ಗುಮಾಸ್ತರು ತಲೆ ಎತ್ತದೇ ಹೇಳಿದರು: "ನನ್ನ ಒಂದು ಮಾತು ಕೇಳಿದ್ರೆ ಹೇಳ್ತಿದ್ದೆ. ಆಯಪ್ಪಂಗೆ ನಗದು ಇಲ್ದೆ ಒಂದು ಬಲ್ಬ್ ಹೋಲ್ಡರ್ರೂ ಕೊಡಲ್ಲ ನಾನು."

ಆ ವಿಷಯ ಎಲ್ಲೂ ಬರೆದಿರಲಿಲ್ಲ. ಅವರ ತಲೆಯಲ್ಲಿ ಮಾತ್ರ ಇತ್ತು. ನಾನು ಅದನ್ನು "ಮಾಮೂಲಿ ಕೆಲಸ" ಅಂದುಕೊಂಡು ಯಂತ್ರಕ್ಕೆ ಕೊಟ್ಟುಬಿಟ್ಟಿದ್ದೆ.

ಅವಮಾನ ಆದಾಗ ಪುಸ್ತಕ ಹಿಡಿಯೋದು ನನ್ನ ಅಭ್ಯಾಸ. ಅಂಗಡಿಯ ದಿನನಿತ್ಯದ ಲೆಕ್ಕಪತ್ರವನ್ನು ಜನ ಹಿಂದೆ ಯಾವುದಕ್ಕೆ ವಹಿಸಿದ್ದರು, ವಹಿಸಿದ ಮೇಲೆ ಏನಾಯ್ತು ಅಂತ ಓದುತ್ತಾ ಹೋದೆ. ಶುರು ನಮ್ಮ ಸೀಮೆಯಿಂದಲೇ ಸಿಕ್ಕಿತು.

ಇವತ್ತು ಸರ್ಕಾರಿ ಕಚೇರಿಯಲ್ಲಿ ಫೈಲಿಗೆ "ಕಡತ" ಅಂತೀವಲ್ಲ, ಅದು ಮೂಲತಃ ಬಟ್ಟೆ. ಹತ್ತಿ ಬಟ್ಟೆಯ ಉದ್ದನೆಯ ಪಟ್ಟಿಗೆ ಹುಣಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಕಲಸಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿಡುತ್ತಿದ್ದರು. ಅದರ ಮೇಲೆ ಬಳಪದಿಂದ ಬರೆಯೋದು. ಸ್ಲೇಟಿನ ಹಾಗೆ ಒರೆಸಿ ಮತ್ತೆ ಬರೀಬಹುದು. ಶೃಂಗೇರಿ ಮಠದಲ್ಲಿ ಇಂಥ ಕಡತಗಳ ದೊಡ್ಡ ಸಂಗ್ರಹವೇ ಇದೆ. ಮೈಸೂರಿನ ಇತಿಹಾಸ ಬರೆದ ಮಾರ್ಕ್ ವಿಲ್ಕ್ಸ್ ಎಂಬ ಬ್ರಿಟಿಷ್ ಅಧಿಕಾರಿ, 1810ರಲ್ಲಿ ಬಂದ ತನ್ನ ಪುಸ್ತಕದ ಮೊದಲ ಸಂಪುಟದಲ್ಲಿ, ವರ್ತಕರೂ ಅಂಗಡಿಯವರೂ ಇನ್ನೂ ಕಡತವನ್ನೇ ಬಳಸುತ್ತಾರೆ ಅಂತ ದಾಖಲಿಸಿದ್ದಾನೆ. ಒಬ್ಬ ವರ್ತಕನ ಕಡತದಲ್ಲಿ ಬರೆದಿದ್ದ ಸಾಲಪತ್ರವನ್ನು ವಿಚಾರಣೆಯಲ್ಲಿ ಸಾಕ್ಷ್ಯವಾಗಿ ಒಪ್ಪಿಕೊಂಡಿದ್ದನ್ನೂ ಅವನು ಕಂಡಿದ್ದ.

ಯೋಚನೆ ಮಾಡಿ. ಒರೆಸಿದರೆ ಹೋಗೋ ಬರಹ ಸಾಕ್ಷ್ಯವಾಗೋದು ಹೇಗೆ? ಆ ಸಾಲಪತ್ರಕ್ಕೆ ಸಾಕ್ಷಿಗಳ ಹೆಸರಿತ್ತು. ಬರೆದವರು ಯಾರು, ಎದುರಿಗೆ ಯಾರಿದ್ದರು ಅನ್ನೋದು ಗೊತ್ತಿತ್ತು. ಬಟ್ಟೆಯನ್ನು ನಂಬಿದ್ದಲ್ಲ, ಅದರ ಹಿಂದೆ ನಿಂತ ಮನುಷ್ಯರನ್ನು ನಂಬಿದ್ದು.

ಕಡತ ಬರಹವನ್ನು ಇಟ್ಟುಕೊಳ್ಳುತ್ತಿತ್ತೇ ಹೊರತು ಲೆಕ್ಕ ಮಾಡುತ್ತಿರಲಿಲ್ಲ. ಲೆಕ್ಕವನ್ನೇ ಕಂಪ್ಯೂಟರಿಗೆ ಬಿಟ್ಟ ಮೊದಲ ವ್ಯಾಪಾರ ಯಾವುದು ಅಂತ ಹುಡುಕಿದರೆ ಸಿಗೋದು ಬ್ಯಾಂಕೂ ಅಲ್ಲ, ವಿಮಾ ಕಂಪನಿಯೂ ಅಲ್ಲ. ಟೀ, ಬನ್ನು, ಕೇಕು ಮಾರುತ್ತಿದ್ದ ಲಂಡನ್ನಿನ ಜೆ. ಲಯನ್ಸ್ ಅಂಡ್ ಕಂಪನಿ!

ಲಯನ್ಸ್ ಸಣ್ಣ ವ್ಯಾಪಾರ ಅಲ್ಲ ನಿಜ. ಬ್ರಿಟನ್ನಿನ ಉದ್ದಗಲಕ್ಕೂ 200ಕ್ಕಿಂತ ಹೆಚ್ಚು ಟೀ ಅಂಗಡಿಗಳಿದ್ದವು. ಆದರೆ ಕಷ್ಟ ಮಾತ್ರ ಥೇಟ್ ಸಣ್ಣ ಅಂಗಡಿಯದ್ದೇ. ಒಂದು ಕಪ್ ಟೀಯಲ್ಲಿ ಸಿಗೋ ಲಾಭ ಎಷ್ಟು ಚಿಕ್ಕದೋ, ಅದರ ಲೆಕ್ಕ ಇಡೋ ಖರ್ಚು ಅಷ್ಟೇ ದೊಡ್ಡದು. ಜಾನ್ ಸಿಮನ್ಸ್ ಅನ್ನೋ ಗಣಿತಜ್ಞನನ್ನು 1923ರಲ್ಲೇ ಕೆಲಸಕ್ಕೆ ಸೇರಿಸಿಕೊಂಡು, 1930ರ ದಶಕದಲ್ಲೇ ಕಚೇರಿ ಕೆಲಸದ ರೀತಿಯನ್ನು ಅಧ್ಯಯನ ಮಾಡೋಕೆ ಅಂತಲೇ ಅವರು ಒಂದು ವಿಭಾಗ ಮಾಡಿದ್ದರು. ಯಾವ ಕಾಗದ ಯಾರ ಕೈಯಿಂದ ಯಾರ ಕೈಗೆ ಹೋಗುತ್ತೆ, ಯಾಕೆ ಹೋಗುತ್ತೆ, ಹೋಗದಿದ್ದರೆ ನಷ್ಟ ಏನು ಅಂತ ಬಿಡಿಸಿ ನೋಡೋದೇ ಅವರ ಕೆಲಸ. ಕಂಪ್ಯೂಟರ್ ಬರೋಕೆ ಮುಂಚೆ ಸುಮಾರು ಎರಡು ದಶಕ ಈ ಕೆಲಸ ನಡೀತು. ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

1947ರಲ್ಲಿ ಲಯನ್ಸ್‌ನ ಇಬ್ಬರು ಅಧಿಕಾರಿಗಳು, ಥಾಮಸ್ ಥಾಂಪ್ಸನ್ ಮತ್ತು ಆಲಿವರ್ ಸ್ಟ್ಯಾಂಡಿಂಗ್‌ಫೋರ್ಡ್, ಹೊಸ ಕಚೇರಿ ಪದ್ಧತಿಗಳನ್ನು ನೋಡಿಕೊಂಡು ಬರೋಕೆ ಅಮೆರಿಕಕ್ಕೆ ಹೋದರು. ಅಲ್ಲಿ ಯುದ್ಧಕ್ಕಾಗಿ ಕಟ್ಟಿದ್ದ ಎಲೆಕ್ಟ್ರಾನಿಕ್ ಗಣಕಯಂತ್ರಗಳ ವಿಷಯ ತಿಳೀತು. ನಿಮ್ಮ ದೇಶದ ಕೇಂಬ್ರಿಜ್‌ನಲ್ಲೇ ಮಾರಿಸ್ ವಿಲ್ಕ್ಸ್ ಅಂತ ಒಬ್ಬರು ಇಂಥದ್ದೊಂದು ಕಟ್ಟುತ್ತಿದ್ದಾರೆ ಅನ್ನೋದೂ ಅಲ್ಲೇ ಗೊತ್ತಾಯ್ತು. (ಮೇಲೆ ಹೇಳಿದ ವಿಲ್ಕ್ಸ್‌ಗೂ ಇವರಿಗೂ ಹೆಸರಿನ ನಂಟು ಮಾತ್ರ.) ಲಯನ್ಸ್ ಆ ಯಂತ್ರಕ್ಕೆ ಹಣದ ನೆರವು ಕೊಟ್ಟು, ಅದು ನಡೆದ ಮೇಲೆ ಅದೇ ಮಾದರಿಯಲ್ಲಿ ತನ್ನದೇ ಒಂದನ್ನು ಕಟ್ಟಿಕೊಂಡಿತು. ಹೆಸರು ಲಿಯೋ. 1951ರಲ್ಲಿ ಅದು ಬೇಕರಿ ಮಾಲಿನ ಮೌಲ್ಯ ಲೆಕ್ಕ ಹಾಕಿತು. ವ್ಯಾಪಾರದ ದಿನನಿತ್ಯದ ಕೆಲಸವನ್ನು ಕಂಪ್ಯೂಟರು ನಿಯಮಿತವಾಗಿ ಮಾಡಿದ್ದು ಜಗತ್ತಿನಲ್ಲೇ ಮೊದಲು ಅಂತ ಇದನ್ನೇ ಹೇಳುತ್ತಾರೆ. ಮುಂದೆ ಸಂಬಳದ ಲೆಕ್ಕ ಬಂತು. ಅನುಭವಿ ಗುಮಾಸ್ತನಿಗೆ ಒಬ್ಬರ ಸಂಬಳ ಲೆಕ್ಕ ಹಾಕೋಕೆ 8 ನಿಮಿಷ ಬೇಕಿತ್ತು. ಲಿಯೋಗೆ ಒಂದೂವರೆ ಸೆಕೆಂಡು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಒಂದೂವರೆ ಸೆಕೆಂಡಲ್ಲ. ಟೀ ಅಂಗಡಿಗಳ ಆರ್ಡರಿಗೆ ಅವರು ಮಾಡಿದ ಏರ್ಪಾಡು.

ಅಂಗಡಿಯ ಮೇಲ್ವಿಚಾರಕಿ ನಾಳೆಗೆ ಎಷ್ಟು ಬನ್ನು, ಎಷ್ಟು ಪೈ, ಎಷ್ಟು ಐಸ್‌ಕ್ರೀಮು ಬೇಕು ಅಂತ ದಿನಾ ಪೂರ್ತಿ ಪಟ್ಟಿ ಬರೆದು ಕಳಿಸಬೇಕಿತ್ತು. ಡೇವಿಡ್ ಕ್ಯಾಮಿನರ್ ಮತ್ತವರ ತಂಡ ಇದನ್ನು ಕೂತು ನೋಡಿತು. ಪಟ್ಟಿಯ ಹೆಚ್ಚುಭಾಗ ದಿನಾ ಒಂದೇ! ಹಾಗಾಗಿ ಪ್ರತಿ ಅಂಗಡಿಗೂ ವಾರದ ಒಂದೊಂದು ದಿನಕ್ಕೂ ಒಂದು ಖಾಯಂ ಆರ್ಡರನ್ನು ಯಂತ್ರದ ಕಡೆ ಇಟ್ಟರು. ಮೇಲ್ವಿಚಾರಕಿ ಫೋನಿನಲ್ಲಿ ಹೇಳಬೇಕಾದದ್ದು ವ್ಯತ್ಯಾಸ ಮಾತ್ರ. ನಾಳೆ ಹತ್ತಿರದಲ್ಲೇ ಮ್ಯಾಚಿದೆ, ಬನ್ನು ಜಾಸ್ತಿ ಇರಲಿ. ಮಳೆ ಹಿಡಿದಿದೆ, ಐಸ್‌ಕ್ರೀಮ್ ಕಮ್ಮಿ ಮಾಡಿ. ಅದನ್ನು ಕೇಳಿಸಿಕೊಂಡ ಹುಡುಗಿ ಕಾರ್ಡಿಗೆ ತೂತು ಹೊಡೆದು ಯಂತ್ರಕ್ಕೆ ಹಾಕುತ್ತಿದ್ದಳು.

ದಿನಾ ಒಂದೇ ಥರ ಇರೋದು ಯಂತ್ರಕ್ಕೆ. ಇವತ್ತು ಬೇರೆ ಥರ ಅನ್ನೋದು ಅಂಗಡಿಯಲ್ಲಿ ನಿಂತಿರೋಳಿಗೆ. ಅವಳು ಹೇಳಿದರೆ ಯಂತ್ರ ಒಪ್ಪಬೇಕು. ಎಪ್ಪತ್ತು ವರ್ಷದ ಹಿಂದೆಯೇ ಇಷ್ಟು ಸ್ಪಷ್ಟವಾಗಿ ಕೆಲಸ ಹಂಚಿದ್ದರು. ನಾನು ಮಾವನ ಅಂಗಡಿಯಲ್ಲಿ ಎರಡನ್ನೂ ಒಂದೇ ಬುಟ್ಟಿಗೆ ಹಾಕಿದ್ದೆ.

ನಮ್ಮಲ್ಲಿ ಕಂಪ್ಯೂಟರು ಬಂದಿದ್ದು ಇಷ್ಟು ಸಲೀಸಾಗಿ ಅಲ್ಲ. ಕೆಲಸ ಹೋಗುತ್ತೆ ಅನ್ನೋ ಭಯ ದೊಡ್ಡದಿತ್ತು. ಬ್ಯಾಂಕುಗಳಲ್ಲಿ ಲೆಡ್ಜರ್ ಬರೆಯೋ ಯಂತ್ರ ತರೋಕೂ ನೌಕರರ ಸಂಘಗಳ ಜೊತೆ 1983ರಲ್ಲಿ ಒಪ್ಪಂದ ಆಗಬೇಕಾಯಿತು. ಮರುವರ್ಷ ಸಿ. ರಂಗರಾಜನ್ ಸಮಿತಿಯ ವರದಿ ಬಂತು, ಆಮೇಲೆ ಬ್ಯಾಂಕುಗಳ ಯಾಂತ್ರೀಕರಣಕ್ಕೆ ದಾರಿ ಆಯ್ತು. ಆ ಭಯವನ್ನು ನಮ್ಮ ಪೀಳಿಗೆ ತಮಾಷೆಯಾಗಿ ನೋಡುತ್ತೆ. ಬೇರೆಯವರ ಸಂಬಳದ ವಿಷಯ ಅಲ್ವಾ, ತಮಾಷೆ ಸುಲಭ.

ಸಣ್ಣ ಅಂಗಡಿಗಳಿಗೆ ಬಂದ ದಾರಿ ಬೇರೆ, ಅದು ಬೆಂಗಳೂರಿನದ್ದೇ ಕಥೆ. ಶ್ಯಾಮ್ ಸುಂದರ್ ಗೋಯೆಂಕಾ ಅವರದ್ದು ಗಿರಣಿಗಳಿಗೆ ಯಂತ್ರದ ಬಿಡಿಭಾಗ ಒದಗಿಸೋ ವ್ಯಾಪಾರ. ತಮ್ಮ ಲೆಕ್ಕಕ್ಕೆ ಹೊಂದೋ ಸಾಫ್ಟ್‌ವೇರು ಸಿಗದೇ, ನೀನೇ ಒಂದು ಬರೆದುಕೊಡು ಅಂತ ಮಗ ಭರತ್ ಗೋಯೆಂಕಾಗೆ ಹೇಳಿದರು. ಅದೇ 1986ರಲ್ಲಿ ಶುರುವಾಗಿ ಮುಂದೆ ಟ್ಯಾಲಿ ಆಯಿತು. ಆಗಿನ ಲೆಕ್ಕದ ಸಾಫ್ಟ್‌ವೇರುಗಳಲ್ಲಿ ಪ್ರತಿ ಖಾತೆಗೂ ಒಂದು ಸಂಖ್ಯೆಯ ಕೋಡ್ ನೆನಪಿಟ್ಟುಕೊಳ್ಳಬೇಕಿತ್ತು. ಟ್ಯಾಲಿಯಲ್ಲಿ ಆ ಗೋಜಿಲ್ಲ. ಪುಸ್ತಕದಲ್ಲಿ ಬರೆಯೋ ಹಾಗೆ ಹೆಸರು ಹೊಡೆದರೆ ಸಾಕು. ವ್ಯಾಪಾರಿ ಯಂತ್ರದ ಭಾಷೆ ಕಲಿಯಬೇಕಾಗಲಿಲ್ಲ, ಯಂತ್ರವೇ ಅವನ ಭಾಷೆಗೆ ಬಂತು. ನಮ್ಮ ಗುಮಾಸ್ತರೂ ಕೆಂಪು ಬಟ್ಟೆಯ ಖಾತೆ ಪುಸ್ತಕದಿಂದ ಟ್ಯಾಲಿಗೆ ಬಂದವರೇ. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂದಾಗ ಮಾವ ನಿದ್ದೆಗೆಟ್ಟರು, ಇವರು ಎರಡು ವಾರ ರಾತ್ರಿ ಕೂತು ಕಲಿತರು.

ಟ್ಯಾಲಿಯ ವಿಷಯದಲ್ಲಿ ಕಡತವನ್ನು ನೆನಪಿಸೋ ಒಂದು ಸಂಗತಿ ಇದೆ. ಬರೆದದ್ದನ್ನು ಆಮೇಲೆ ಸುಲಭವಾಗಿ ತಿದ್ದಬಹುದು ಅನ್ನೋದು ಅಂಗಡಿಯವರಿಗೆ ಇಷ್ಟವಾಗಿತ್ತು. ಆದರೆ 2023ರ ಏಪ್ರಿಲ್ 1ರಿಂದ, ನೋಂದಾಯಿತ ಕಂಪನಿಗಳ ಲೆಕ್ಕದ ಸಾಫ್ಟ್‌ವೇರಿನಲ್ಲಿ ಏನು ತಿದ್ದಿದರು, ಯಾವಾಗ ತಿದ್ದಿದರು ಅನ್ನೋ ಗುರುತು ಉಳಿಯಲೇಬೇಕು ಅಂತ ಕಾನೂನಾಯಿತು. ಒರೆಸಿ, ಆದರೆ ಒರೆಸಿದ್ದು ಕಾಣಲಿ.

ಈಗ ಮತ್ತೆ ಲಿಯೋ ಕಡೆ ಹೋಗೋಣ. ಅದರ ವಂಶಾವಳಿ ಓದುತ್ತಾ ಓದುತ್ತಾ ನನಗೆ ರಾತ್ರಿ ನಿದ್ದೆ ಬರಲಿಲ್ಲ. ಲಯನ್ಸ್‌ನ ಕಂಪ್ಯೂಟರ್ ವಿಭಾಗ ಬೇರೆ ಕಂಪನಿಯಾಗಿ, 1963ರಲ್ಲಿ ಇಂಗ್ಲಿಷ್ ಎಲೆಕ್ಟ್ರಿಕ್ ಜೊತೆ ಕೂಡಿತು. ಇನ್ನಷ್ಟು ಕೂಡಿಕೆಗಳಾಗಿ 1968ರಲ್ಲಿ ಐಸಿಎಲ್ ಅನ್ನೋ ದೊಡ್ಡ ಕಂಪನಿ ಹುಟ್ಟಿತು. ಅದು ಕೊನೆಗೆ ಜಪಾನಿನ ಫುಜಿತ್ಸು ಪಾಲಾಯಿತು. ಈ ಐಸಿಎಲ್ ಬ್ರಿಟನ್ನಿನ ಅಂಚೆ ಕಚೇರಿಗಳಿಗೆ ಒಂದು ಲೆಕ್ಕದ ವ್ಯವಸ್ಥೆ ಮಾಡಿಕೊಟ್ಟಿತು. ಅದರ ಹೆಸರು ಹೊರೈಜನ್.

ಅಲ್ಲಿ ಹಳ್ಳಿ, ಬಡಾವಣೆಗಳ ಅಂಚೆ ಕಚೇರಿ ಅಂದರೆ ಬಹಳ ಕಡೆ ಒಂದು ಸಣ್ಣ ಅಂಗಡಿಯ ಮೂಲೆ. ಒಂದು ಕಡೆ ಹಾಲು, ಬ್ರೆಡ್ಡು, ಪೇಪರು. ಇನ್ನೊಂದು ಕಡೆ ಅಂಚೆ ಕೌಂಟರು. ಅಂಗಡಿಯವರೇ ಸಬ್‌ಪೋಸ್ಟ್‌ಮಾಸ್ಟರು. ಭಾರತ ಮೂಲದವರೂ ಅವರಲ್ಲಿ ಬಹಳ ಜನ. 1999ರಿಂದ ಈ ಕೌಂಟರುಗಳಿಗೆ ಹೊರೈಜನ್ ಬಂತು. ಸಂಜೆ ಲೆಕ್ಕ ಹೊಂದಿಸಿದರೆ, ಇರಬೇಕಾದ ದುಡ್ಡಿಗಿಂತ ಕಮ್ಮಿ ಇದೆ ಅಂತ ಯಂತ್ರ ತೋರಿಸುತ್ತಿತ್ತು. ಕಮ್ಮಿ ಬಿದ್ದದ್ದನ್ನು ಅಂಗಡಿಯವರೇ ತುಂಬಿಕೊಡಬೇಕು. ಕೆಲವರು ಉಳಿತಾಯ ಬರಿದು ಮಾಡಿ ತುಂಬಿದರು, ಕೆಲವರು ಮನೆ ಅಡ ಇಟ್ಟರು. ಸಹಾಯವಾಣಿಗೆ ಫೋನ್ ಮಾಡಿದರೆ, ಇಂಥ ತೊಂದರೆ ನಿಮಗೊಬ್ಬರಿಗೇ ಆಗ್ತಿರೋದು ಅನ್ನೋ ಉತ್ತರ ಬಂತು ಅಂತ ಎಷ್ಟೋ ಜನ ಹೇಳಿದ್ದಾರೆ.

1999ರಿಂದ 2015ರ ನಡುವೆ 900ಕ್ಕೂ ಹೆಚ್ಚು ಜನರಿಗೆ ಕಳ್ಳತನ, ಸುಳ್ಳು ಲೆಕ್ಕದಂಥ ಆರೋಪದ ಮೇಲೆ ಶಿಕ್ಷೆಯಾಯಿತು. ಕೆಲವರು ಜೈಲಿಗೆ ಹೋದರು. ಜೀವ ಕಳೆದುಕೊಂಡವರೂ ಇದ್ದಾರೆ. ಕಂಪ್ಯೂಟರು ಸರಿಯಾಗಿ ಕೆಲಸ ಮಾಡ್ತಿತ್ತು ಅಂತ ತೋರಿಸಬೇಕು ಅನ್ನೋ ಹಳೆಯ ನಿಯಮವನ್ನು ಇಂಗ್ಲೆಂಡಿನಲ್ಲಿ 1999ರ ಕಾಯ್ದೆ ತೆಗೆದುಹಾಕಿತ್ತು. ತಪ್ಪಿದೆ ಅಂತ ತೋರಿಸೋವರೆಗೂ ಯಂತ್ರ ಸರಿ ಅಂತಲೇ ಲೆಕ್ಕ. ಅಲನ್ ಬೇಟ್ಸ್ ಅನ್ನೋ ಸಬ್‌ಪೋಸ್ಟ್‌ಮಾಸ್ಟರ್ ಮುಂದಾಳಾಗಿ 555 ಜನ ಹೈಕೋರ್ಟಿಗೆ ಹೋದರು. ಹೊರೈಜನ್‌ನಲ್ಲಿ ದೋಷಗಳಿದ್ದವು, ಅವುಗಳಿಂದ ಲೆಕ್ಕ ತಪ್ಪಬಹುದಿತ್ತು ಅಂತ ಕೋರ್ಟು ಹೇಳೋ ಹೊತ್ತಿಗೆ 2019 ಆಗಿತ್ತು. ಉಳಿದ ಶಿಕ್ಷೆಗಳನ್ನು ಸಾರಾಸಗಟಾಗಿ ರದ್ದುಮಾಡೋಕೆ ಸಂಸತ್ತು 2024ರಲ್ಲಿ ಹೊಸ ಕಾನೂನನ್ನೇ ತರಬೇಕಾಯಿತು.

ಎರಡು ಫೋನು ಕರೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ. 1950ರ ದಶಕದ ಟೀ ಅಂಗಡಿಯವಳು "ಇವತ್ತು ಬೇರೆ ಥರ" ಅಂದಳು, ಆ ಕಡೆಯವರು ಬರೆದುಕೊಂಡರು. 2000ದ ದಶಕದ ಅಂಚೆ ಅಂಗಡಿಯವರು "ಇದು ಸರಿಯಿಲ್ಲ" ಅಂದರು, ಆ ಕಡೆಯವರು ಅವರನ್ನೇ ಕಳ್ಳರೆಂದರು. ಯಂತ್ರದ ವಂಶ ಒಂದೇ. ಫೋನಿನ ಆ ತುದಿಯಲ್ಲಿ ಕೇಳಿಸಿಕೊಳ್ಳೋರು ಇದ್ದರೋ ಇಲ್ಲವೋ ಅನ್ನೋದಷ್ಟೇ ವ್ಯತ್ಯಾಸ.

ಎಐ ಈ ಸಾಲಿನಲ್ಲಿ ಹೊಸದು. ಲಿಯೋ, ಟ್ಯಾಲಿ ಎಲ್ಲ ಕೂಡಿಕಳೆಯೋ ಯಂತ್ರಗಳು. ಅದೇ ಅಂಕಿ ಕೊಟ್ಟರೆ ಅದೇ ಉತ್ತರ. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ನಾವೆಲ್ಲ ಬಳಸ್ತಿರೋದು ಊಹಿಸೋ ಯಂತ್ರ. ಇಂಥ ಮಾತಿನ ಮುಂದೆ ಎಂಥ ಮಾತು ಬರಬಹುದು ಅಂತ ಲಕ್ಷಾಂತರ ಬರಹಗಳಿಂದ ಕಲಿತು ಹೇಳುತ್ತೆ. ಅದಕ್ಕೇ ಗಿರಾಕಿಯ ಕಂಗ್ಲಿಷ್ ಮೆಸೇಜೂ ಅರ್ಥವಾಗುತ್ತೆ, ಸೊಟ್ಟಗೆ ತೆಗೆದ ಬಿಲ್ಲಿನ ಫೋಟೋನೂ ಓದುತ್ತೆ. ಅದಕ್ಕೇ ತಪ್ಪು ಹೇಳುವಾಗಲೂ ಸರಿ ಹೇಳಿದಷ್ಟೇ ಗತ್ತಿನಲ್ಲಿ ಹೇಳುತ್ತೆ. ಏರ್ ಕೆನಡಾದ ಚಾಟ್‌ಬಾಟು ರಿಯಾಯಿತಿ ಟಿಕೆಟ್ಟಿನ ಬಗ್ಗೆ ಒಬ್ಬ ಪ್ರಯಾಣಿಕರಿಗೆ ತಪ್ಪು ಮಾಹಿತಿ ಕೊಟ್ಟಿತ್ತು. ಬಾಟಿನ ಮಾತಿಗೆ ನಾವು ಹೊಣೆಯಲ್ಲ ಅನ್ನೋ ವಾದವನ್ನು ಅಲ್ಲಿನ ನ್ಯಾಯಮಂಡಳಿ 2024ರ ಫೆಬ್ರವರಿಯಲ್ಲಿ ತಳ್ಳಿಹಾಕಿ, ಬಡ್ಡಿ ಶುಲ್ಕ ಸೇರಿ ಸುಮಾರು 812 ಕೆನಡಾ ಡಾಲರ್ ಕೊಡಿಸಿತು. ನಮ್ಮ ಮಾವ ಆ ತೀರ್ಪನ್ನು ಓದದೇನೇ ಅದೇ ತೀರ್ಪು ಕೊಟ್ಟಿದ್ದರು.

ಇಷ್ಟು ಓದಿದ ಮೇಲೆ ಮತ್ತೆ ತುಮಕೂರಿಗೆ ಹೋದೆ. ಈ ಸಲ ಲ್ಯಾಪ್‌ಟಾಪ್ ತೆಗೆಯಲಿಲ್ಲ. ಒಂದು ನೋಟ್‌ಬುಕ್ ಹಿಡಿದು ಗುಮಾಸ್ತರ ಪಕ್ಕ ಕೂತೆ. ನಾಲ್ಕು ಭಾನುವಾರ. ಅವರು ಹೇಳಿದ್ದು, ನಾನು ಬರೆದದ್ದು. ಪುಟಕ್ಕೆ ಎರಡು ಕಾಲಂ: "ದಿನಾ ಒಂದೇ ಥರ", "ಕೇಳಿ ಮಾಡಬೇಕು".

ಮೊದಲ ಕಾಲಂನದ್ದನ್ನು ಯಂತ್ರಕ್ಕೆ ಕೊಟ್ಟೆವು. ಸಪ್ಲೈಯರ್ ಬಿಲ್ಲುಗಳ ಫೋಟೋ ನೋಡಿ ಪಟ್ಟಿ ಮಾಡೋದು. ಕಂಟ್ರಾಕ್ಟರುಗಳ ವಾಯ್ಸ್ ಮೆಸೇಜ್ ಕೇಳಿ ಆರ್ಡರಿನ ಪಟ್ಟಿ ಬರೆಯೋದು. ಕೊಟೇಶನ್ನಿಗೆ, ಬಾಕಿ ಕೇಳೋ ಪತ್ರಕ್ಕೆ ಕರಡು. ಅಂಗಡಿಯ ಸಮಯ, ವಿಳಾಸದಂಥ ಪ್ರಶ್ನೆಗಳಿಗೆ ಉತ್ತರ. ಎರಡನೇ ಕಾಲಂ, ಅಂದರೆ ರೇಟು, ಉದ್ರಿ, ಇಂಥ ದಿನ ಮಾಲು ಬರುತ್ತೆ ಅನ್ನೋ ಮಾತು, ವಾಪಸ್ ತಗೊಳ್ಳೋದು, ಇವ್ಯಾವನ್ನೂ ಯಂತ್ರ ಮುಟ್ಟೋ ಹಾಗಿಲ್ಲ. "ಕೇಳಿ ಹೇಳ್ತೀವಿ ಸರ್" ಅಂತ ಹೇಳಿ ಗುಮಾಸ್ತರ ಫೋನಿಗೆ ಕಳಿಸುತ್ತೆ. ಬಿಲ್ಲಿನ ಪಟ್ಟಿ ನೇರವಾಗಿ ಟ್ಯಾಲಿಗೆ ಹೋಗಲ್ಲ, ಜಿಎಸ್‌ಟಿ ನಂಬರನ್ನೂ ಮೊತ್ತವನ್ನೂ ಅವರು ತಾಳೆ ನೋಡಿದ ಮೇಲೇ ಹೋಗೋದು. ಮೊದಲ ತಿಂಗಳು ಕೈಲೂ ಮಾಡಿದೆವು, ಯಂತ್ರದಲ್ಲೂ ಮಾಡಿದೆವು. ಲಯನ್ಸ್‌ನವರೂ ಹಳೆಯ ಪದ್ಧತಿಯ ಜೊತೆ ಓಡಿಸಿ ನೋಡಿಯೇ ಲಿಯೋವನ್ನು ನಂಬಿದ್ದು. ಯಂತ್ರ ಎಲ್ಲಿ ತಪ್ಪಿತು, ಯಾರು ತಿದ್ದಿದರು ಅನ್ನೋದಕ್ಕೆ ಬೇರೆ ಪುಸ್ತಕ ಇದೆ.

ನಾಲ್ಕನೇ ಭಾನುವಾರ, ನೋಟ್‌ಬುಕ್ ಮುಚ್ಚುವಾಗ ಗುಮಾಸ್ತರು ಕೇಳಿದರು: "ಇಷ್ಟೆಲ್ಲಾ ಬರೆಸಿಕೊಂಡ್ರಿ. ಇನ್ನು ನಾನು ಯಾಕೆ ಬೇಕು, ಹೇಳಿ?"

ಏನೂ ಆಗಲ್ಲ ಬಿಡಿ ಅಂತ ನಗುತ್ತಾ ಹೇಳೋಕೆ ನನ್ನಿಂದ ಆಗಲಿಲ್ಲ. ಅವರಿಗೆ 58. ಅವರು ಬಿಟ್ಟ ಮೇಲೆ ಆ ಕುರ್ಚಿಗೆ ಮಾವ ಇನ್ನೊಬ್ಬರನ್ನು ತರುತ್ತಾರೋ ಇಲ್ಲವೋ, ನನಗೆ ಅನುಮಾನವೇ. "ಎರಡನೇ ಕಾಲಂ ಪೂರ್ತಿ ನಿಮ್ಮದೇ ಅಲ್ವಾ" ಅಂದೆ. ಅವರು ಏನೂ ಹೇಳದೆ ಕನ್ನಡಕ ಒರೆಸಿಕೊಂಡರು. ಆವತ್ತು ಸಂಜೆ ಮಾವನ ಹತ್ತಿರ ಒಂದು ಮಾತು ತೆಗೆದೆ. ಉಳಿದ ಗಂಟೆಗಳಲ್ಲಿ ಅವರಿಂದ ಬಾಕಿ ವಸೂಲಿ ನೋಡಿಕೊಳ್ಳೋದು ಮಾಡಿಸಿ, ಸಂಬಳ ಜಾಸ್ತಿ ಮಾಡಿ. ಮಾವ "ನೋಡೋಣ" ಅಂದರು. ಮೂರು ತಿಂಗಳಾದ ಮೇಲೆ ಜಾಸ್ತಿ ಮಾಡಿದರು. ನಾನು ಕೇಳಿದ್ದಕ್ಕಿಂತ ಕಮ್ಮಿ.

ಹೋದ ತಿಂಗಳು ಅಂಗಡಿಗೆ ಹೋಗಿದ್ದೆ. ಬಾಕಿ ಇರೋ 14 ಜನಕ್ಕೆ ಯಂತ್ರ ಕನ್ನಡದಲ್ಲಿ ಮರ್ಯಾದೆಯಾಗಿ ಕರಡು ಬರೆದಿಟ್ಟಿತ್ತು. ಗುಮಾಸ್ತರು ಒಂದೊಂದೇ ಓದಿ ಕಳಿಸುತ್ತಾ ಬಂದು, ಒಂಬತ್ತನೆಯದಕ್ಕೆ ನಿಂತರು. ಅದನ್ನು ಕಳಿಸಲಿಲ್ಲ.

"ಯಾಕೆ?" ಅಂದೆ.

"ಮೊನ್ನೆ ಅವರ ತಾಯಿ ತೀರಿಕೊಂಡ್ರು. ಕಾರ್ಯ ಮುಗೀಲಿ. ಆಮೇಲೆ ನಾನೇ ಹೋಗಿ ಮಾತಾಡಿಸ್ಕೊಂಡು ಬರ್ತೀನಿ."

ಹತ್ತನೆಯದನ್ನು ತೆರೆದರು.